ಹೊಡೆತ ತಪ್ಪಿದರೆ ಏನಾಗುತ್ತದೆ? ಸ್ನೂಕರ್, ಪೂಲ್, ಬಿಲಿಯರ್ಡ್ಸ್, ಥ್ರೀ ಕುಷನ್: ನಿಮಗೆ ಯಾವುದು

ಕ್ಯೂ ಎಂಬ ಉದ್ದನೆಯ ಕೋಲು ಹಿಡಿದು ಆಡುವ ಆಟಗಳನ್ನು ಹೋಲಿಸಲು ಕೂತವರು ಮೊದಲು ಚೆಂಡು ಎಣಿಸುತ್ತಾರೆ. ಸ್ನೂಕರ್‌ಗೆ 22, ಎಯ್ಟ್ ಬಾಲ್ ಪೂಲ್‌ಗೆ 16, ಬಿಲಿಯರ್ಡ್ಸ್‌ಗೆ ಮೂರೇ ಮೂರು. ಲೆಕ್ಕವೇನೋ ಸರಿ, ಆದರೆ ಇವುಗಳಲ್ಲಿ ಯಾವುದನ್ನು ಕಲಿಯಬೇಕು ಎಂಬುದಕ್ಕೆ ಅದರಿಂದ ಉತ್ತರ ಸಿಗುವುದಿಲ್ಲ. ಯಾರಾದರೂ ಸಲಹೆ ಕೇಳಿದರೆ ನಾನು ತಿರುಗಿ ಕೇಳುವ ಪ್ರಶ್ನೆ ಬೇರೆ: ಹೊಡೆತ ತಪ್ಪಿದ ಮೇಲೆ ಏನಾದರೆ ನೀವು ಸಹಿಸಿಕೊಳ್ಳುತ್ತೀರಿ? ಕಲಿಯುವವರು ಚೆಂಡನ್ನು ಮೇಜಿನ ಪಾಕೆಟ್‌ಗೆ (ತೂತಿಗೆ) ಹಾಕುವುದಕ್ಕಿಂತ ತಪ್ಪಿಸುವುದೇ ಹೆಚ್ಚು. ಒಂದು ಆಟದಲ್ಲಿ ತಪ್ಪಿದವನು ಕುರ್ಚಿಯಲ್ಲಿ ಕೂತು ಎದುರಾಳಿಯ ಆಟ ನೋಡುತ್ತಾನೆ, ಇನ್ನೊಂದರಲ್ಲಿ ಅದುವರೆಗೆ ಹಾಕಿದ್ದೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತಾಗುತ್ತದೆ, ಮತ್ತೊಂದರಲ್ಲಿ ತಪ್ಪಿದ್ದು ದೊಡ್ಡ ಸುದ್ದಿಯೇ ಅಲ್ಲ. ಆಯ್ಕೆ ಇರುವುದು ಇಲ್ಲಿ.

ನಿಯಮಕ್ಕಿಂತ ಮೊದಲು ಮೇಜು

ಸ್ನೂಕರ್ ಮೇಜು 12 ಅಡಿ ಉದ್ದ, 6 ಅಡಿ ಅಗಲ. ಅಂಚಿನ ರಬ್ಬರ್ ಪಟ್ಟಿಗಳಾದ ಕುಷನ್‌ಗಳ ಒಳಗಿನ ಆಡುವ ಜಾಗ 3569 ಮಿಲಿಮೀಟರ್‌ಗೆ 1778. ಚೆಂಡಿನ ವ್ಯಾಸ 52.5 ಮಿ.ಮೀ. ಟೂರ್ನಿಯ ಪೂಲ್ ಮೇಜು 9 ಅಡಿಯದು, ಆಡುವ ಜಾಗ 100 ಇಂಚಿಗೆ 50, ಚೆಂಡು 57.15 ಮಿ.ಮೀ. ಅಂದರೆ ಪೂಲ್‌ನಲ್ಲಿ ಚೆಂಡು ದೊಡ್ಡದು, ಮೇಜು ಚಿಕ್ಕದು. ಮೂಲೆಯ ಪಾಕೆಟ್‌ನ ಬಾಯಿ ನಾಲ್ಕೂವರೆ ಇಂಚಿನ ಆಸುಪಾಸು, ಎರಡು ಚೆಂಡು ಅಕ್ಕಪಕ್ಕ ಇಟ್ಟಷ್ಟು. ಸ್ನೂಕರ್ ಪಾಕೆಟ್ ಸುಮಾರು ಮೂರೂವರೆ ಇಂಚು.

ಈ ಅಂಕಿಗಳು ಕೈಗೆ ಹೇಗೆ ತಾಗುತ್ತವೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಗುರಿಯ ಚೆಂಡು ಹೊರಟ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿತು ಅಂದುಕೊಳ್ಳೋಣ. ಮೂರು ಅಡಿ ದೂರದ ಪಾಕೆಟ್ ತಲುಪುವಷ್ಟರಲ್ಲಿ ಅದು 16 ಮಿ.ಮೀ. ಸರಿದಿರುತ್ತದೆ, ಪೂಲ್ ಪಾಕೆಟ್ ಅದನ್ನು ನುಂಗಿಕೊಳ್ಳುತ್ತದೆ. ಒಂಬತ್ತು ಅಡಿ ಓಡಬೇಕಾದರೆ ಅದೇ ಒಂದು ಡಿಗ್ರಿ 48 ಮಿ.ಮೀ. ಆಗುತ್ತದೆ, ಆಗ ಯಾವ ಪಾಕೆಟ್ಟೂ ಕಾಪಾಡುವುದಿಲ್ಲ. ಇದರ ಮೇಲೆ ಪಾಕೆಟ್‌ನ ಅಂಚು ಬೇರೆ. ಪೂಲ್‌ನಲ್ಲಿ ಅಂಚು ನೇರವಾಗಿ, ಚೂಪಾಗಿ ಕತ್ತರಿಸಿದ್ದು; ದವಡೆಗೆ ಬಡಿದ ಚೆಂಡು ಎಷ್ಟೋ ಸಲ ಒಳಗೇ ಜಾರುತ್ತದೆ. ಸ್ನೂಕರ್‌ನಲ್ಲಿ ಅಂಚು ದುಂಡಗಿರುವುದರಿಂದ ಸ್ವಲ್ಪ ತಾಗಿದರೂ ಚೆಂಡು ಆಚೀಚೆ ತಟ್ಟಾಡಿ ಬಾಯಲ್ಲೇ ನಿಲ್ಲುತ್ತದೆ.

ಬಟ್ಟೆಯೂ ಬೇರೆ. ಸ್ನೂಕರ್ ಬಟ್ಟೆಗೆ ರೋಮದ ಒಂದು ದಿಕ್ಕಿದೆ, ಆಟ ಶುರುವಾಗುವ ಬಾಕ್ ತುದಿಯಿಂದ ಕಪ್ಪು ಚೆಂಡಿರುವ ತುದಿಗೆ. ಆ ದಿಕ್ಕಿಗೆ ಎದುರಾಗಿ ನಿಧಾನಕ್ಕೆ ಸೈಡ್ (ಪಕ್ಕಕ್ಕೆ ಹೊಡೆದು ಕೊಡುವ ತಿರುಗು) ಕೊಟ್ಟು ಹೊಡೆದ ಬಿಳಿ ಚೆಂಡು (ಕ್ಯೂನಿಂದ ಹೊಡೆಯುವುದು ಇದನ್ನೇ) ಅನುಕೂಲ ದಿಕ್ಕಿನಲ್ಲಿ ವಾಲಿದಂತೆ ವಾಲುವುದಿಲ್ಲ. ಪೂಲ್ ಬಟ್ಟೆ ನುಣುಪು, ವೇಗ ಹೆಚ್ಚು, ಇಂಥ ತಕರಾರಿಲ್ಲ.

ಸ್ನೂಕರ್: ಕುರ್ಚಿಯ ಆಟ

ನಿಯಮ ಹೇಳಿ ಮುಗಿಸಲು ಒಂದು ನಿಮಿಷ ಸಾಕು. ಒಂದು ಕೆಂಪು, ಒಂದು ಬಣ್ಣ, ಮತ್ತೆ ಕೆಂಪು. ಕೆಂಪಿಗೆ 1, ಹಳದಿ 2, ಹಸಿರು 3, ಕಂದು 4, ನೀಲಿ 5, ಗುಲಾಬಿ 6, ಕಪ್ಪು 7. ಕೆಂಪು ಇರುವ ತನಕ ಬಣ್ಣದ ಚೆಂಡು ಮರಳಿ ತನ್ನ ಜಾಗಕ್ಕೆ ಬರುತ್ತದೆ, ಕೆಂಪು ಮುಗಿದ ಮೇಲೆ ಬಣ್ಣಗಳು ಏರಿಕೆಯ ಕ್ರಮದಲ್ಲಿ ಹೋಗುತ್ತವೆ. ಪ್ರತಿ ಕೆಂಪಿಗೂ ಕಪ್ಪನ್ನೇ ಹಾಕಿದರೆ 15 ಸಲ 8, ಅಂದರೆ 120. ಕೊನೆಯ ಆರು ಬಣ್ಣಗಳಿಗೆ 27. ಎಲ್ಲ ಸೇರಿ ಪ್ರಖ್ಯಾತ 147. ಅಧಿಕೃತವಾಗಿ ಮನ್ನಣೆ ಪಡೆದ ಮೊದಲ 147 ಜೋ ಡೇವಿಸ್‌ರದು, 1955ರಲ್ಲಿ. 1997ರಲ್ಲಿ ರಾನಿ ಓಸಲ್ಲಿವನ್ ಅದನ್ನೇ 5 ನಿಮಿಷ 8 ಸೆಕೆಂಡಿನಲ್ಲಿ ಮುಗಿಸಿದರು. ಆ ವಿಡಿಯೊ ನೋಡಿ ಸ್ನೂಕರ್ ಕಲಿಯಲು ಹೊರಡುವವರಿದ್ದಾರೆ. ಅದನ್ನು ನೋಡಿ ಈ ಆಟ ಇಷ್ಟು ಸಲೀಸು ಎಂದುಕೊಂಡರೆ ಅದಕ್ಕಿಂತ ದೊಡ್ಡ ಮೋಸ ಇನ್ನೊಂದಿಲ್ಲ.

ಹೊಸಬರಿಬ್ಬರ ಫ್ರೇಮ್, ಅಂದರೆ ಒಂದು ಸುತ್ತಿನ ಆಟ, ಹೇಗಿರುತ್ತದೆ? ಒಂದು ಕೆಂಪು ಬೀಳುತ್ತದೆ, ಬಣ್ಣ ತಪ್ಪುತ್ತದೆ. ಎದುರಾಳಿಯದೂ ಹಾಗೇ. ಮುಕ್ಕಾಲು ಗಂಟೆ ಕಳೆದರೂ ಮೇಜಿನ ಮೇಲೆ ಕೆಂಪು ಉಳಿದಿರುತ್ತವೆ. ನಿಮಗಿಂತ ಚೆನ್ನಾಗಿ ಆಡುವವರ ಜೊತೆ ಕೂತರಂತೂ ಒಂದು ಸುಲಭದ ಕೆಂಪು ತಪ್ಪಿಸಿದ ತಪ್ಪಿಗೆ ಅವರು ನಲವತ್ತೋ ಐವತ್ತೋ ಅಂಕ ಗಳಿಸುವುದನ್ನು ನೋಡುತ್ತ ಕೂರಬೇಕು. ಅಷ್ಟು ಹೊತ್ತು ಕೂತ ಕೈ ತಣ್ಣಗಾಗಿ, ಮುಂದಿನ ಹೊಡೆತವೂ ತಪ್ಪುತ್ತದೆ. ಆದರೂ ಒಂದು ಸಮಾಧಾನವಿದೆ: ಗಳಿಸಿದ ಅಂಕವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಒಂದೇ ಸರದಿಯಲ್ಲಿ ಗಳಿಸಿದ ಮೊತ್ತಕ್ಕೆ ಬ್ರೇಕ್ ಎನ್ನುತ್ತಾರೆ; ಹನ್ನೆರಡರ ಬ್ರೇಕ್ ಆದರೂ ಅದು ನಿಮ್ಮ ಖಾತೆಯಲ್ಲಿದೆ. ನಿನ್ನೆ 12, ಇಂದು 19 ಎಂದು ನಿಮ್ಮ ಬೆಳವಣಿಗೆಯನ್ನು ಅಂಕಿಯಲ್ಲೇ ನೋಡಬಹುದು. ಇಷ್ಟು ನಿಷ್ಠುರ ಅಳತೆಗೋಲು ಪೂಲ್‌ನಲ್ಲಿ ಸಿಗುವುದಿಲ್ಲ.

ಫೌಲ್‌ನ ದಂಡ ಕನಿಷ್ಠ 4, ಗರಿಷ್ಠ 7 ಅಂಕ. ಮೊತ್ತ ಸಣ್ಣದಾಗಿ ಕಂಡರೂ ಆಟದ ಅರ್ಧ ಜೀವ ಅದರಲ್ಲೇ ಇದೆ. ಬಿಳಿ ಚೆಂಡು ಗುರಿಯ ಚೆಂಡನ್ನು ತಾಗಿದ ಮೇಲೆ ಯಾವುದಾದರೂ ಚೆಂಡು ಕುಷನ್ ಮುಟ್ಟಲೇಬೇಕು ಎಂಬ ಕಟ್ಟುಪಾಡು ಇಲ್ಲಿಲ್ಲ. ಹಾಗಾಗಿ ಮೆಲ್ಲಗೆ ತಳ್ಳಿ ಬಿಳಿಯನ್ನು ಕಂದು ಚೆಂಡಿನ ಬೆನ್ನಿಗೆ ಅಂಟಿಸಿ ನಿಲ್ಲಿಸಬಹುದು. ಎದುರಾಳಿ ಅಲ್ಲಿಂದ ಹೊರಬರಲಾಗದೆ ಕೆಂಪು ಮುಟ್ಟದಿದ್ದರೆ, ಮಿಸ್ ನಿಯಮದಡಿ ಚೆಂಡುಗಳನ್ನು ಮೊದಲಿದ್ದಲ್ಲೇ ಇಡಿಸಿ ಮತ್ತೆ ಹೊಡೆಸಲೂ ಬಹುದು. ಇಂಥ ಸತಾಯಿಸುವಿಕೆಯಲ್ಲಿ ಖುಷಿ ಕಾಣುವ ಮನಸ್ಸಿದ್ದರೆ ನಿಮಗೆ ಸ್ನೂಕರ್ ಹಿಡಿಸುತ್ತದೆ. ಪಾಟ್ ಮಾಡುವುದು, ಅಂದರೆ ಚೆಂಡನ್ನು ಪಾಕೆಟ್‌ಗೆ ಹಾಕುವುದು, ಅಷ್ಟೇ ಆಟ ಎಂದುಕೊಂಡವರಿಗೆ ಬೇಗ ಬೇಸರ ಬರುತ್ತದೆ.

ಹದಿನೈದು ಕೆಂಪು ಹೆಚ್ಚೆನಿಸಿದರೆ ಆರೇ ಕೆಂಪು ಇಟ್ಟು ಆಡಿ. ಸಿಕ್ಸ್ ರೆಡ್ ಎಂಬುದು ಅಧಿಕೃತ ಮಾದರಿಯೇ. ಫ್ರೇಮ್ ಬೇಗ ಮುಗಿಯುತ್ತದೆ, ಕೆಂಪುಗಳು ಒಂದಕ್ಕೊಂದು ಅಡ್ಡ ಬರುವುದು ಕಡಿಮೆ, ಕೊನೆಯ ಬಣ್ಣಗಳ ಅಭ್ಯಾಸವೂ ಆಗುತ್ತದೆ.

ಪೂಲ್: ಹಾಕಿದ್ದೆಲ್ಲ ಲಾಭವಲ್ಲ

ಪೂಲ್ ಸುಲಭ, ಸ್ನೂಕರ್ ಕಷ್ಟ ಎಂಬ ಮಾತು ಅರ್ಧ ಮಾತ್ರ ನಿಜ. ಚೆಂಡನ್ನು ಪಾಕೆಟ್‌ಗೆ ಹಾಕುವುದು ಪೂಲ್‌ನಲ್ಲಿ ಸುಲಭ. ಗೆಲ್ಲುವುದು ಹಾಗಲ್ಲ.

ಎಯ್ಟ್ ಬಾಲ್ ತೆಗೆದುಕೊಳ್ಳಿ. 1ರಿಂದ 7 ಪೂರ್ಣ ಬಣ್ಣದವು, 9ರಿಂದ 15 ಪಟ್ಟೆಯವು. ನಿಮ್ಮ ಗುಂಪು ಮುಗಿಸಿ ಕಪ್ಪು 8 ಹಾಕಿದವರು ಗೆದ್ದರು. ಏಳರಲ್ಲಿ ಐದನ್ನು ಸರಾಗವಾಗಿ ಹಾಕಿ ಆರನೆಯದನ್ನು ತಪ್ಪಿಸಿದಿರಿ ಎನ್ನಿ. ಸ್ನೂಕರ್‌ನಲ್ಲಾದರೆ ಅದುವರೆಗಿನ ಅಂಕ ನಿಮ್ಮದು. ಇಲ್ಲಿ ಆಗಿದ್ದೇನು? ಎದುರಾಳಿಯ ದಾರಿಗೆ ಅಡ್ಡವಿದ್ದ ಐದು ಚೆಂಡುಗಳನ್ನು ನೀವೇ ತೆಗೆದುಕೊಟ್ಟಿರಿ! ಅವರ ಏಳೂ ಚೆಂಡುಗಳು ಈಗ ಬಯಲಲ್ಲಿವೆ, ನಿಮ್ಮ ಉಳಿದೆರಡು ಅವುಗಳ ಸಂದಿಯಲ್ಲಿ ಸಿಕ್ಕಿವೆ. ಆದ್ದರಿಂದ ತಿಳಿದವರು ಬ್ರೇಕ್ (ಪೂಲ್‌ನಲ್ಲಿ ಚೆಂಡಿನ ಗುಂಪನ್ನು ಚದುರಿಸುವ ಮೊದಲ ಹೊಡೆತ) ಆದ ಕೂಡಲೇ ಮೇಜನ್ನು ಓದುತ್ತಾರೆ. ಕೊನೆಯವರೆಗೂ ದಾರಿ ಇದೆಯೇ? ಅಂಟಿಕೊಂಡ ಜೋಡಿಯನ್ನು ಬಿಡಿಸುವುದು ಯಾವಾಗ? ದಾರಿ ಇಲ್ಲವೆಂದರೆ ಸುಲಭದ ಚೆಂಡನ್ನೂ ಬಿಟ್ಟು ಸೇಫ್ಟಿ, ಅಂದರೆ ಎದುರಾಳಿಗೆ ಸುಲಭದ ಹೊಡೆತ ಉಳಿಸದ ಹೊಡೆತ, ಆಡುತ್ತಾರೆ. ನೋಡುವವರಿಗೆ ಅಂಜುಬುರುಕತನದಂತೆ ಕಾಣುವ ಆ ಹೊಡೆತವೇ ಎಷ್ಟೋ ಸಲ ಆ ಸುತ್ತಿನ, ಅಂದರೆ ಆ ರ್‍ಯಾಕ್‌ನ ಅತ್ಯುತ್ತಮ ಹೊಡೆತ.

ಫೌಲ್‌ನ ಬೆಲೆಯೂ ಇಲ್ಲಿ ದುಬಾರಿ. ಅಂತಾರಾಷ್ಟ್ರೀಯ ನಿಯಮದಲ್ಲಿ ಎದುರಾಳಿ ಬಿಳಿ ಚೆಂಡನ್ನು ಕೈಯಲ್ಲೆತ್ತಿಕೊಂಡು ಮೇಜಿನ ಎಲ್ಲಿ ಬೇಕಾದರೂ ಇಟ್ಟು ಆಡಬಹುದು. ಚೆನ್ನಾಗಿ ಆಡುವವರಿಗೆ ಇದು ರ್‍ಯಾಕನ್ನೇ ಕೈಗಿಟ್ಟಂತೆ. ಜೊತೆಗೆ, ತಾಗಿದ ಮೇಲೆ ಒಂದು ಚೆಂಡು ಬೀಳಬೇಕು, ಇಲ್ಲವೇ ಯಾವುದಾದರೂ ಚೆಂಡು ಕುಷನ್ ಮುಟ್ಟಬೇಕು. ಸ್ನೂಕರ್‌ನ ಮೆಲ್ಲಗೆ ಅಂಟಿಸುವ ಚಾಳಿ ಇಲ್ಲಿ ನಡೆಯದು. ಬದಲಿಗೆ, ಸ್ನೂಕರ್‌ನಲ್ಲಿ ಫೌಲ್ ಆಗುವ, ಬಿಳಿಯನ್ನು ಅಡ್ಡ ಚೆಂಡಿನ ಮೇಲೆ ಹಾರಿಸುವ ಜಂಪ್ ಹೊಡೆತ ಪೂಲ್‌ನಲ್ಲಿ ನ್ಯಾಯವೇ. ಅದಕ್ಕೆಂದೇ ಗಿಡ್ಡ ಕ್ಯೂ ಇಟ್ಟುಕೊಳ್ಳುವವರಿದ್ದಾರೆ.

ನೈನ್ ಬಾಲ್‌ನ ಸ್ವಭಾವ ಇನ್ನೂ ಬೇರೆ. ಮೇಜಿನ ಮೇಲಿರುವ ಅತಿ ಚಿಕ್ಕ ಸಂಖ್ಯೆಯ ಚೆಂಡನ್ನೇ ಮೊದಲು ತಾಗಬೇಕು, 9 ಹಾಕಿದವರು ಗೆದ್ದರು. 1ರಿಂದ 8ರವರೆಗೆ ಒಬ್ಬರೇ ಹಾಕಿ, 9ರಲ್ಲಿ ಎಡವಿದರೆ, ಆ ಎಂಟು ಚೆಂಡಿಗೆ ಕಿಲುಬು ಕಾಸಿನ ಬೆಲೆಯೂ ಇಲ್ಲ. 1ನ್ನು ತಾಗಿಸಿ, ಅದು ಹೋಗಿ 9ಕ್ಕೆ ಬಡಿದು, 9 ಬಿದ್ದರೂ ಗೆಲುವೇ. ಅಂದರೆ ಅದೃಷ್ಟಕ್ಕೆ ಬಾಗಿಲು ಅಗಲವಾಗಿ ತೆರೆದಿದೆ. ಹೊಸಬರು ಅನುಭವಿಗಳನ್ನು ಒಂದೆರಡು ರ್‍ಯಾಕ್‌ನಲ್ಲಾದರೂ ಸೋಲಿಸಬಹುದಾದ ಆಟ ಇದು. ಆ ಕಾರಣಕ್ಕೇ ಕೆಲವರಿಗೆ ಇಷ್ಟ, ಕೆಲವರಿಗೆ ಸಿಟ್ಟು. ಸಿಟ್ಟು ಬರುವವರಿಗೆ ಟೆನ್ ಬಾಲ್ ಇದೆ: ಯಾವ ಚೆಂಡು, ಯಾವ ಪಾಕೆಟ್ ಎಂದು ಮೊದಲೇ ಹೇಳಿ ಹೊಡೆಯಬೇಕು. ಹೇಳದೆ ಬಿದ್ದದ್ದಕ್ಕೆ ಮನ್ನಣೆ ಇಲ್ಲ.

ಗೆಳೆಯರ ನಡುವೆ ಪೂಲ್ ಶುರುಮಾಡುವ ಮುನ್ನ ಮೂರು ವಿಷಯ ಬಾಯಿಬಿಟ್ಟು ಮಾತಾಡಿಕೊಳ್ಳಿ. ಫೌಲ್ ಆದರೆ ಬಿಳಿ ಎಲ್ಲಿ ಬೇಕಾದರೂ ಇಡಬಹುದೋ, ಗೆರೆಯ ಹಿಂದೆಯೋ? ಪಾಕೆಟ್ ಹೇಳಿ ಹೊಡೆಯಬೇಕೋ? ಕಪ್ಪಿನ ಜೊತೆ ಬಿಳಿಯೂ ಬಿದ್ದರೆ ಸೋಲೋ? ಒಂದೊಂದು ಕಡೆ ಒಂದೊಂದು ರೂಢಿ ಇರುವುದರಿಂದ ಜಗಳ ಹುಟ್ಟುವುದು ಯಾವಾಗಲೂ ಇಲ್ಲೇ.

ಪೂಲ್‌ನ ಎರಡು ಸೋದರರನ್ನೂ ಹೇಳಿಬಿಡುತ್ತೇನೆ. ಬ್ರಿಟನ್‌ನಲ್ಲಿ ಬೆಳೆದ ಕೆಂಪು-ಹಳದಿ ಚೆಂಡುಗಳ ಪೂಲ್‌ಗೆ 7 ಅಡಿಯ ಮೇಜು, 2 ಇಂಚಿನ ಚೆಂಡು, ದುಂಡು ಅಂಚಿನ ಪಾಕೆಟ್. ಜಾಗ ಇಕ್ಕಟ್ಟಾಗಿರುವುದರಿಂದ ಚೆಂಡುಗಳು ಗುಂಪುಗಟ್ಟಿ ನಿಲ್ಲುತ್ತವೆ, ಆಟ ಬಹುಪಾಲು ತಡೆಯುವುದರಲ್ಲೇ ನಡೆಯುತ್ತದೆ. ಚೀನಾದ ಹೇಬಾಲ್ ಇದಕ್ಕೆ ವಿರುದ್ಧ: 9 ಅಡಿಯ ಮೇಜು, ದೊಡ್ಡ ಪೂಲ್ ಚೆಂಡು, ಆದರೆ ಸ್ನೂಕರ್‌ನಂತೆ ಕತ್ತರಿಸಿದ ಪಾಕೆಟ್. ಪೂಲ್‌ನ ಯೋಚನೆ ಬೇಕು, ಸ್ನೂಕರ್‌ನ ಗುರಿಯೂ ಬೇಕು. ಎರಡರಲ್ಲೂ ಸ್ವಲ್ಪ ಪಳಗಿದವರಿಗೆ ಇದಕ್ಕಿಂತ ರುಚಿಯಾದ ಪಂಥ ಇಲ್ಲವೆಂದು ನನ್ನ ಅನಿಸಿಕೆ.

ಬಿಲಿಯರ್ಡ್ಸ್: ಮುಗಿಯದ ಬ್ರೇಕ್

ಇಂಗ್ಲಿಷ್ ಬಿಲಿಯರ್ಡ್ಸ್‌ಗೆ ಸ್ನೂಕರ್‌ನದೇ ಮೇಜು. ಬಿಳಿ, ಹಳದಿ, ಕೆಂಪು ಮೂರು ಚೆಂಡು; ಬಿಳಿ ಒಬ್ಬರದು, ಹಳದಿ ಇನ್ನೊಬ್ಬರದು. ನಿಮ್ಮ ಚೆಂಡು ಉಳಿದೆರಡನ್ನೂ ತಾಗಿದರೆ ಕ್ಯಾನನ್, 2 ಅಂಕ. ಕೆಂಪು ಪಾಟ್ ಆದರೆ 3, ಎದುರಾಳಿಯ ಚೆಂಡು ಪಾಟ್ ಆದರೆ 2. ಸ್ನೂಕರ್‌ನಲ್ಲಿ ಬಿಳಿ ಪಾಕೆಟ್‌ಗೆ ಬಿದ್ದರೆ ದಂಡ. ಇಲ್ಲಿ ಇನ್ನೊಂದಕ್ಕೆ ತಾಗಿ ನಿಮ್ಮ ಚೆಂಡೇ ಒಳಗೆ ಹೋದರೆ ಅದು ಇನ್-ಆಫ್, ಅದಕ್ಕೂ ಅಂಕ: ಕೆಂಪಿನಿಂದಾದರೆ 3, ಇನ್ನೊಂದರಿಂದಾದರೆ 2.

ಚೆಂಡುಗಳು ಖಾಲಿಯಾಗುವುದೇ ಇಲ್ಲವಾದ್ದರಿಂದ ಬ್ರೇಕ್‌ಗೆ ಸಹಜವಾದ ಕೊನೆ ಇಲ್ಲ. 1907ರಲ್ಲಿ ಟಾಮ್ ರೀಸ್ ಮೂಲೆಯ ಪಾಕೆಟ್‌ನ ಬಾಯಲ್ಲಿ ಎರಡು ಚೆಂಡುಗಳನ್ನು ಸಿಕ್ಕಿಸಿಕೊಂಡು, ಒಂದೇ ಬಗೆಯ ಸಣ್ಣ ಕ್ಯಾನನ್ ಹೊಡೆಯುತ್ತ ವಾರಗಟ್ಟಲೆ ಆಡಿ 4,99,135 ಅಂಕ ಪೇರಿಸಿದರು. ಬೇಸತ್ತು ಆ ಹೊಡೆತವನ್ನೇ ನಿಷೇಧಿಸಬೇಕಾಯಿತು. 1932ರಲ್ಲಿ ಆಸ್ಟ್ರೇಲಿಯಾದ ವಾಲ್ಟರ್ ಲಿಂಡ್ರಮ್ 4137ರ ಬ್ರೇಕ್ ಮಾಡಿದರು. ಇಂಥವರನ್ನು ಕಟ್ಟಿಹಾಕಲೆಂದೇ ಒಂದೊಂದಾಗಿ ಮಿತಿಗಳು ಬಂದವು. ಸತತ ಕ್ಯಾನನ್‌ಗೆ ಇಷ್ಟು, ಸತತ ಪಾಟ್ ಮತ್ತು ಇನ್-ಆಫ್‌ಗಳಿಗೆ ಇಷ್ಟು ಎಂಬ ಲಗಾಮು ಈಗಲೂ ಇದೆ.

ಹಾಗಾದರೆ ತಪ್ಪಿದರೆ? ಮೇಲ್ಮಟ್ಟದಲ್ಲಿ ಸ್ನೂಕರ್‌ಗಿಂತ ಘೋರ: ಎದ್ದವರು ಯಾವಾಗ ಕೂರುತ್ತಾರೋ ಹೇಳಲಾಗದು. ಕಲಿಯುವ ಮಟ್ಟದಲ್ಲಿ ಮಾತ್ರ ಇದರಷ್ಟು ದಯೆಯ ಆಟ ಇನ್ನೊಂದಿಲ್ಲ. ಪಾಟ್ ಕಷ್ಟವಾದರೆ ಕ್ಯಾನನ್ ಇದೆ, ಅದೂ ಇಲ್ಲವೆಂದರೆ ಇನ್-ಆಫ್ ಇದೆ. ಕಲಿಸುವ ವಿದ್ಯೆಯೂ ದೊಡ್ಡದು. ಚೆನ್ನಾಗಿ ಉರುಳುತ್ತಿರುವ ಚೆಂಡು ಇನ್ನೊಂದರ ಅರ್ಧಕ್ಕೆ ತಾಗಿದರೆ ಸುಮಾರು 34 ಡಿಗ್ರಿ ತಿರುಗುತ್ತದೆ. ತಾಗುವುದು ಅರ್ಧಕ್ಕಿಂತ ತುಸು ಹೆಚ್ಚುಕಡಿಮೆಯಾದರೂ ಆ ಕೋನ ಅಷ್ಟಾಗಿ ಬದಲಾಗುವುದಿಲ್ಲ. ಇನ್-ಆಫ್ ಹೊಡೆಯುತ್ತ ಹೊಡೆಯುತ್ತ ಈ ಕೋನ ಕಣ್ಣಿಗೆ ಕೂರುತ್ತದೆ. ಬಿಳಿ ಚೆಂಡು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಪೂಲ್ ಆಡುವವರು ಪುಸ್ತಕ ಓದಿ ಕಲಿಯುವ ಹೊತ್ತಿಗೆ ಬಿಲಿಯರ್ಡ್ಸ್ ಆಡಿದವರಿಗೆ ಅದು ಅಭ್ಯಾಸವೇ ಆಗಿರುತ್ತದೆ. ಪಂಕಜ್ ಆಡ್ವಾಣಿ 2003ರಲ್ಲಿ ಐಬಿಎಸ್‌ಎಫ್ (ಅಂತಾರಾಷ್ಟ್ರೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಒಕ್ಕೂಟ) ವಿಶ್ವ ಸ್ನೂಕರ್, 2005ರಲ್ಲಿ ವಿಶ್ವ ಬಿಲಿಯರ್ಡ್ಸ್‌ನ ಸಮಯ ಮಿತಿ ಮತ್ತು ಅಂಕ ಮಿತಿ ಎಂಬ ಎರಡೂ ಮಾದರಿಯ ಪಟ್ಟ ಗೆದ್ದದ್ದು ಈ ಎರಡು ಆಟಗಳ ನಂಟಿಗೆ ಸಾಕ್ಷಿ. ಕಷ್ಟವೆಂದರೆ ಆಡಲು ಜೊತೆ ಸಿಗುವುದು. ಬಿಲಿಯರ್ಡ್ಸ್ ಆಡುವವರ ಸಂಖ್ಯೆ ಸ್ನೂಕರ್ ಆಡುವವರಿಗಿಂತ ತೀರ ಕಡಿಮೆ.

ಥ್ರೀ ಕುಷನ್: ಪಾಕೆಟ್ಟೇ ಇಲ್ಲ

10 ಅಡಿಗೆ 5 ಅಡಿಯ ಮೇಜು, 61.5 ಮಿ.ಮೀ.ನ ಮೂರು ಚೆಂಡು, ಒಂದೂ ಪಾಕೆಟ್ ಇಲ್ಲ. ಚೆಂಡು ಚುರುಕಾಗಿ ಓಡಲೆಂದು ಟೂರ್ನಿಗಳಲ್ಲಿ ಮೇಜಿನ ಕಲ್ಲನ್ನು ಬೆಚ್ಚಗೆ ಇಡುತ್ತಾರೆ. ನಿಮ್ಮ ಚೆಂಡು ಉಳಿದೆರಡನ್ನೂ ತಾಗಬೇಕು, ಆದರೆ ಅವುಗಳಲ್ಲಿ ಎರಡನೆಯದನ್ನು ಮುಟ್ಟುವ ಮೊದಲು ಕನಿಷ್ಠ ಮೂರು ಸಲ ಕುಷನ್ ತಾಗಿರಬೇಕು. ಆಗ ಒಂದು ಅಂಕ.

ಸರದಿಗೆ ಸರಾಸರಿ ಒಂದು ಅಂಕ ಗಳಿಸುವವರನ್ನು ಬಲ್ಲವರೆಂದೇ ಲೆಕ್ಕ. ಎರಡರ ಹತ್ತಿರ ಇದ್ದರೆ ವಿಶ್ವ ಮಟ್ಟ. ಅಂದರೆ ದೊಡ್ಡವರೂ ಪದೇ ಪದೇ ತಪ್ಪಿಸುತ್ತಾರೆ. ತಪ್ಪಿದ ಕೂಡಲೇ ಎದುರಾಳಿ ಅಂಕಗಳನ್ನೆಲ್ಲ ಬಾಚಿಕೊಂಡು ಹೋಗುವುದಿಲ್ಲ, ನಿಮ್ಮ ಸರದಿ ಬೇಗ ಬರುತ್ತದೆ. ಆದರೆ ನಿಮಗೂ ಹಲವು ಸರದಿ ಸೊನ್ನೆಯಲ್ಲೇ ಕಳೆಯಬಹುದು, ಮತ್ತು ಚೆಂಡು ಪಾಕೆಟ್‌ಗೆ ಬೀಳುವ ಆ ಸದ್ದು ಇಲ್ಲಿಲ್ಲ. ಅದಿಲ್ಲದೆ ಆಟವೇ ಅಲ್ಲ ಎನ್ನುವವರು ಈ ಮೇಜಿನ ಹತ್ತಿರ ಸುಳಿಯಬೇಡಿ. ಲೆಕ್ಕ ಪ್ರೀತಿಸುವವರು ಬನ್ನಿ. ಅಂಚಿನ ಮೇಲಿನ ಗುರುತುಗಳಿಗೆ ಸಂಖ್ಯೆ ಕೊಟ್ಟುಕೊಂಡು, ಹೊರಡುವ ಜಾಗದ ಸಂಖ್ಯೆಯಿಂದ ಮೂರನೆಯ ಕುಷನ್‌ನಲ್ಲಿ ತಲುಪಬೇಕಾದ ಸಂಖ್ಯೆ ಕಳೆದರೆ, ಮೊದಲ ಕುಷನ್‌ನಲ್ಲಿ ಎಲ್ಲಿಗೆ ಹೊಡೆಯಬೇಕೆಂಬ ಸಂಖ್ಯೆ ಸಿಗುತ್ತದೆ. ಸೈಡ್, ವೇಗ, ಬಟ್ಟೆಯ ಹಳತನ ನೋಡಿ ಅದನ್ನು ಆಚೀಚೆ ತಿದ್ದಿಕೊಳ್ಳುವುದೇ ಕಲೆ. ದಕ್ಷಿಣ ಕೊರಿಯಾ, ವಿಯೆಟ್ನಾಂ, ಟರ್ಕಿ, ಬೆಲ್ಜಿಯಂಗಳಲ್ಲಿ ಈ ಆಟಕ್ಕೆ ಭಾರೀ ಮನ್ನಣೆ. ಬೇರೆ ಎಷ್ಟೋ ಕಡೆ ಮೇಜು ಕಾಣಸಿಗುವುದೇ ಅಪರೂಪ.

ರಷ್ಯನ್ ಪಿರಮಿಡ್ ಬಗ್ಗೆ ಒಂದೇ ಮಾತು: 68 ಮಿ.ಮೀ.ನ ಚೆಂಡು, ಮೂಲೆಯ ಪಾಕೆಟ್ 72ರಿಂದ 73 ಮಿ.ಮೀ. ಕೂದಲೆಳೆಯ ಸಂದಿಯಲ್ಲಿ ಹಾಕುವ ಹಟವಿದ್ದವರಿಗೆ ಮಾತ್ರ.

ಇನ್ನು ಆಯ್ಕೆ

ಸಂಜೆ ಒಂದು ಗಂಟೆ ಸಿಗುತ್ತದೆ, ಜೊತೆಗೆ ಬರುವವರು ನಾಲ್ಕೈದು ಜನ, ಎಲ್ಲರೂ ಹೊಸಬರು ಎಂದರೆ ಎಯ್ಟ್ ಬಾಲ್ ಬಿಟ್ಟು ಬೇರೆ ಯೋಚಿಸಬೇಡಿ. ಜೋಡಿಯಾಗಿ ಆಡಬಹುದು, ಒಂದು ರ್‍ಯಾಕ್ ಬೇಗ ಮುಗಿಯುತ್ತದೆ, ಸೋತವರು ಮತ್ತೆ ಎದ್ದು ನಿಲ್ಲುತ್ತಾರೆ. ಒಬ್ಬರೇ ಗಂಟೆಗಟ್ಟಲೆ ಅಭ್ಯಾಸ ಮಾಡುವ ಸ್ವಭಾವ ನಿಮ್ಮದಾದರೆ ಸ್ನೂಕರ್; ಬಣ್ಣಗಳನ್ನು ಜಾಗದಲ್ಲಿಟ್ಟು ಹಳದಿಯಿಂದ ಕಪ್ಪಿನವರೆಗೆ ತೆಗೆಯುವ ಒಂದೇ ಅಭ್ಯಾಸ ವರ್ಷಗಟ್ಟಲೆ ಹಳತಾಗುವುದಿಲ್ಲ. ಚದುರಂಗದ ಚಪಲ ಇದ್ದವರಿಗೆ ನನ್ನ ಓಟು ಎಯ್ಟ್ ಬಾಲ್‌ಗೇ ಹೊರತು ಸ್ನೂಕರ್‌ಗಲ್ಲ, ಯಾಕೆಂದರೆ ಯಾವ ಗುಂಪು, ಯಾವ ಕ್ರಮ, ಕೊನೆಗೆ ಕಪ್ಪಿಗೆ ಯಾವ ಚೆಂಡಿನಿಂದ ಹೋಗುವುದು ಎಂಬ ತೀರ್ಮಾನ ಅಲ್ಲಿ ಮೊದಲ ಹೊಡೆತದಿಂದಲೇ ಕಾಡುತ್ತದೆ.

ಎರಡನ್ನೂ ಆಡುವ ಆಸೆ ಇದ್ದರೆ ಸ್ನೂಕರ್‌ನಿಂದ ಶುರುಮಾಡುವುದು ಮೇಲು. ಆ ಪಾಕೆಟ್‌ಗೆ ಪಳಗಿದ ಕೈಗೆ ಪೂಲ್ ಪಾಕೆಟ್ ಬಾವಿಯಂತೆ ಕಾಣುತ್ತದೆ. ಮಹಿಳಾ ವಿಶ್ವ ಸ್ನೂಕರ್ ಪಟ್ಟವನ್ನು ಹಲವು ಬಾರಿ ಗೆದ್ದಿದ್ದ ಆಲಿಸನ್ ಫಿಶರ್ 1995ರಲ್ಲಿ ಅಮೆರಿಕಕ್ಕೆ ಹೋಗಿ ನೈನ್ ಬಾಲ್‌ನಲ್ಲೂ ವಿಶ್ವ ಚಾಂಪಿಯನ್ ಆದರು. ಸ್ನೂಕರ್‌ನಿಂದ ಪೂಲ್‌ಗೆ ಬಂದವರಿಗೆ ತೊಡಕಾಗುವುದು ಗುರಿಯಲ್ಲ. ಬಲವಾದ ಬ್ರೇಕ್, ಜಂಪ್, ಕುಷನ್‌ನಿಂದ ಹಾಯಿಸಿ ತಾಗುವ ಹೊಡೆತ. ಪೂಲ್‌ನಿಂದ ಸ್ನೂಕರ್‌ಗೆ ಹೋಗುವವರು ಮಾತ್ರ ನಿಲುವಿನಿಂದ ಹಿಡಿದು ಎಲ್ಲವನ್ನೂ ಮತ್ತೆ ಕಟ್ಟಬೇಕಾಗುತ್ತದೆ: ಗಲ್ಲ ಕ್ಯೂಗೆ ತಾಗುವಷ್ಟು ಬಗ್ಗಬೇಕು, ಕೈ ನೇರ ಹೋಗಿ ನೇರ ಬರಬೇಕು.

ಮನೆಯಲ್ಲಿ ಮೇಜು ಇಡುವ ಯೋಚನೆಯಿದ್ದರೆ ಮೇಜಿಗಿಂತ ಮೊದಲು ಕೋಣೆ ಅಳೆಯಿರಿ. ಸುತ್ತಲೂ ಒಂದು ಕ್ಯೂ ಉದ್ದದ ಜಾಗ ಬೇಕು. ಆ ಲೆಕ್ಕದಲ್ಲಿ ಪೂರ್ಣ ಸ್ನೂಕರ್ ಮೇಜಿಗೆ ಸುಮಾರು 22 ಅಡಿಗೆ 16 ಅಡಿ, 9 ಅಡಿಯ ಪೂಲ್ ಮೇಜಿಗೆ 18ಕ್ಕೆ 14. ಗೋಡೆ ಅಡ್ಡ ಬಂದು ಪ್ರತಿ ಹೊಡೆತಕ್ಕೂ ಕ್ಯೂ ಎತ್ತಿ ಆಡಬೇಕಾದ ದೊಡ್ಡ ಮೇಜಿಗಿಂತ ಆರಾಮಾಗಿ ಆಡಬಲ್ಲ ಸಣ್ಣ ಮೇಜೇ ವಾಸಿ.

ಕ್ಯೂ ಕೊಳ್ಳುವುದು ಆಟ ಗೊತ್ತಾದ ಮೇಲೆ. ಸ್ನೂಕರ್ ಕ್ಯೂ ಸಾಮಾನ್ಯವಾಗಿ ಆ್ಯಶ್ ಮರದ್ದು, ಚೆಂಡಿಗೆ ತಾಗುವ ತುದಿ, ಅಂದರೆ ಟಿಪ್, 9ರಿಂದ 10 ಮಿ.ಮೀ.; ಪೂಲ್ ಕ್ಯೂ ಮೇಪಲ್ ಅಥವಾ ಕಾರ್ಬನ್ ಫೈಬರ್, ಟಿಪ್ 12ರಿಂದ 13. ಸ್ನೂಕರ್ ಕ್ಯೂನಲ್ಲಿ ಪೂಲ್ ಆಡಬಹುದು, ಆದರೆ ಭಾರದ ಚೆಂಡಿಗೆ ಬ್ರೇಕ್ ಹೊಡೆಯುತ್ತಿದ್ದರೆ ಸಣ್ಣ ಟಿಪ್ ಬೇಗ ಅಣಬೆಯಂತೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಪೂಲ್ ಕ್ಯೂನಲ್ಲಿ ಸ್ನೂಕರ್ ಆಡಿದರೆ ದಪ್ಪ ಟಿಪ್‌ನ ಹಿಂದೆ ಆ ಸಣ್ಣ ಚೆಂಡಿನ ನಡುಬಿಂದು ಹುಡುಕುವುದೇ ಕಷ್ಟ. ಆದ್ದರಿಂದ ಎರಡನ್ನೂ ಆಡುವವರು ಪೂಲ್‌ನ ಬ್ರೇಕ್‌ಗೆ ಮಾತ್ರ ಅಲ್ಲಿ ಇಟ್ಟಿರುವ ಯಾವುದಾದರೂ ಕ್ಯೂ ಎತ್ತಿಕೊಂಡು, ಉಳಿದ ಹೊಡೆತಗಳಿಗೆ ತಮ್ಮದನ್ನೇ ಬಳಸಿದರೆ ಸಾಕು.